ಒಂದು ಫೋನ್ ಮಾಡಿದರೆ ಎಳೆದು ತರುತ್ತಾರೆ, ಸರಿ, ಅಲ್ಲಿಯವರೆಗೆ?

ಪ್ರಶ್ನೆ: ನಾನು ಪೊನ್ನಂಪೇಟೆ ಬಳಿಯ ಕಾಫಿ ಬೆಳೆಗಾರ. ಮಗ ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾದಲ್ಲಿ ಕೆಲಸದಲ್ಲಿದ್ದಾನೆ. ಕಳೆದ ವರ್ಷ ಸ್ನೇಹಿತನೊಂದಿಗೆ ಸೇರಿ ಇಪ್ಪತ್ತೊಂದು ಅಡಿಯ ಹಳೆಯ ಮೋಟಾರ್ ದೋಣಿಯೊಂದನ್ನು ಕೊಂಡಿದ್ದಾನೆ. ಅದಕ್ಕಿರುವುದು ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಒಂದೇ ಔಟ್‌ಬೋರ್ಡ್ ಎಂಜಿನ್. ತೋಟದ ನೆರಳುಮರಗಳ ರೆಂಬೆ ಸವರುವ ಮರಗಸಿ ಮುಗಿಸಿಕೊಂಡು ಜೂನ್‌ನಲ್ಲಿ ನಾವು ಗಂಡ ಹೆಂಡತಿ ಅಲ್ಲಿಗೆ ಹೋಗುವವರಿದ್ದೇವೆ. ಐದು ವರ್ಷದ ಮೊಮ್ಮಗಳೂ ಸೇರಿ ಎಲ್ಲರನ್ನೂ ಸಮುದ್ರಕ್ಕೆ ಕರೆದೊಯ್ಯಬೇಕೆಂದು ಅವನ ಆಸೆ. ನನಗೆ ನೀರೆಂದರೆ ಅಳುಕು. ಕೇಳಿದರೆ, ‘ದೋಣಿ ಎಳೆದು ತರುವ ಇನ್ಶೂರೆನ್ಸ್ ಮಾಡಿಸಿದ್ದೇನೆ ಅಪ್ಪ, ಒಂದು ಫೋನ್ ಮಾಡಿದರೆ ಬರುತ್ತಾರೆ’ ಎನ್ನುತ್ತಾನೆ. ಅದನ್ನು ನಂಬಿ ಹೋಗಬಹುದೇ? ಇದೇ ಹೊತ್ತಿಗೆ ನನ್ನ ಭಾವ ಹಾರಂಗಿ ಹಿನ್ನೀರಿನ ಪಕ್ಕದ ತಮ್ಮ ಹೋಂಸ್ಟೇಗೆ ಮೋಟಾರ್ ದೋಣಿ ತರುವ ಯೋಚನೆಯಲ್ಲಿದ್ದಾರೆ. ಇಲ್ಲಿಯೂ ಅಂಥ ವಿಮೆ ಸಿಗುತ್ತದೆಯೇ?

ಉತ್ತರ: ಹೋಗಿ ಬನ್ನಿ. ಆದರೆ ಆ ಇನ್ಶೂರೆನ್ಸನ್ನು ನಂಬಿ ಹೋಗಬೇಡಿ, ಮಗನನ್ನು ನಂಬಿ ಹೋಗುವಂತಾಗಬೇಕು. ಆ ನಂಬಿಕೆಗೆ ಅವನು ತಕ್ಕವನೋ ಅಲ್ಲವೋ ಎಂಬುದನ್ನು ದೋಣಿ ಹತ್ತುವ ಮೊದಲೇ, ದಕ್ಕೆಯ ಮೇಲೆ ನಿಂತು ಅರ್ಧ ಗಂಟೆಯಲ್ಲಿ ಕಂಡುಕೊಳ್ಳಬಹುದು. ನೀರಿನ ಅಳುಕು ಇರುವವರೇ ಈ ಪರೀಕ್ಷೆಗೆ ಸರಿಯಾದ ಪರೀಕ್ಷಕರು. ಕೋಸ್ಟ್ ಗಾರ್ಡ್ ನೌಕೆಗಳಲ್ಲಿ ದುಡಿದು ಈಗ ಗೋಣಿಕೊಪ್ಪದ ಬಳಿ ಮೆಣಸಿನ ಬಳ್ಳಿ ನೋಡಿಕೊಂಡಿರುವ ನನಗೆ, ಸಮುದ್ರದ ಬಗ್ಗೆ ಅಳುಕೇ ಇಲ್ಲದವರನ್ನು ಕಂಡರೆ ಇಂದಿಗೂ ಸ್ವಲ್ಪ ಭಯ.

ಮೊದಲು ಆ ಕಾಗದ ಏನೆಂದು ನೋಡೋಣ. ಮಗ ಇನ್ಶೂರೆನ್ಸ್ ಎನ್ನುತ್ತಾನೆ, ಆದರೆ ಬಹುಮಟ್ಟಿಗೆ ಅದು ಸದಸ್ಯತ್ವ. ಅಮೆರಿಕದಲ್ಲಿ ಈ ವ್ಯವಹಾರ ಹುಟ್ಟಿದ್ದಕ್ಕೆ ಒಂದು ಕಾರಣವಿದೆ. ಒಂದು ಕಾಲದಲ್ಲಿ ಪೆಟ್ರೋಲ್ ಮುಗಿದು ನಿಂತ ವಿಹಾರದ ದೋಣಿಗಳನ್ನೂ ಅಲ್ಲಿನ ಕೋಸ್ಟ್ ಗಾರ್ಡ್ ಎಳೆದು ತರುತ್ತಿತ್ತು. ಖಾಸಗಿಯವರು ಮಾಡಬಹುದಾದ ಕೆಲಸದಲ್ಲಿ ಸರ್ಕಾರ ಪೈಪೋಟಿ ಮಾಡಬಾರದು, ಈ ನೀತಿಯನ್ನು ಮರುಪರಿಶೀಲಿಸಿ ಎಂದು ಅಲ್ಲಿನ ಸಂಸತ್ತು 1982ರಲ್ಲಿ ಸೂಚಿಸಿತು. ಮರುವರ್ಷವೇ ನ್ಯೂಯಾರ್ಕ್ ರಾಜ್ಯದಲ್ಲಿ ‘ಸೀ ಟೋ’ ಶುರುವಾಯಿತು. ಅದರ ಹಳದಿ ದೋಣಿಗಳೂ ‘ಬೋಟ್‌ಯುಎಸ್’ ಸಂಸ್ಥೆಯ ಕೆಂಪು ದೋಣಿಗಳೂ ಇಂದು ಆ ಕರಾವಳಿಯುದ್ದಕ್ಕೂ ಕಾಣುತ್ತವೆ. ಜೀವಕ್ಕೆ ಅಪಾಯವಿದ್ದರೆ ಕೋಸ್ಟ್ ಗಾರ್ಡ್ ಇಂದಿಗೂ ಬರುತ್ತದೆ, ಅದಕ್ಕೆ ಹಣ ಕೇಳುವುದಿಲ್ಲ. ಬರೀ ಎಂಜಿನ್ ನಿಂತಿದ್ದರೆ ಮಾತ್ರ ಅವರು ರೇಡಿಯೊದಲ್ಲಿ ‘ಇಂಥಲ್ಲಿ ಒಂದು ದೋಣಿಗೆ ನೆರವು ಬೇಕು’ ಎಂದು ಸಾರುತ್ತಾರೆ. ಹತ್ತಿರದಲ್ಲಿರುವ ಸಹೃದಯರೋ ಎಳೆದೋಣಿ (ಟೋ ಬೋಟ್) ಕಂಪನಿಯವರೋ ಓಗೊಡುತ್ತಾರೆ. ಸದಸ್ಯರಲ್ಲದವರಿಗೆ ಎಳೆದೋಣಿ ತನ್ನ ಬಂದರು ಬಿಟ್ಟಾಗಿನಿಂದ ಮರಳುವವರೆಗೆ ಗಂಟೆಯ ಲೆಕ್ಕ. ಬಿಲ್ಲು ನೂರಾರು ಡಾಲರ್ ಆಗುವುದು ಮಾಮೂಲು, ಸಾವಿರ ದಾಟುವುದೂ ಉಂಟು. ವರ್ಷದ ಚಂದಾ ಅದಕ್ಕಿಂತ ಎಷ್ಟೋ ಕಡಿಮೆ. ಆದ್ದರಿಂದ ಮಗ ಅದನ್ನು ಮಾಡಿಸಿದ್ದು ಜಾಣತನವೇ. ‘ನಿಜವಾದ ನಾವಿಕನಿಗೆ ಅದೆಲ್ಲ ಏಕೆ’ ಎಂದು ಮೂಗು ಮುರಿಯುವ ಹಳಬರೂ ಇದ್ದಾರೆ. ಅವರ ಮಾತಿಗೆ ಕಿವಿಗೊಡಬೇಡಿ, ಒಂಟಿ ಎಂಜಿನ್ನಿನ ದೋಣಿಗೆ ಅದು ಬೇಕು.

ಆದರೆ ಆ ಕಾಗದ ತೀರಿಸುವುದು ಬಿಲ್ಲನ್ನು. ಎಳೆದೋಣಿ ಬರುವವರೆಗಿನ ಹೊತ್ತನ್ನು ತೀರಿಸುವ ಜವಾಬ್ದಾರಿ ದೋಣಿಯಲ್ಲಿರುವವರ ಮೇಲೆಯೇ ಉಳಿಯುತ್ತದೆ. ನನ್ನ ಇಡೀ ಉತ್ತರ ಈ ಒಂದು ಅಂತರದ ಬಗ್ಗೆ.

ನಮ್ಮ ಕಡೆಯ ಜೀಪನ್ನೇ ತೆಗೆದುಕೊಳ್ಳಿ. ವಾಹನ ವಿಮೆಯ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ಎಂಬುದನ್ನು ಈಗ ಎಲ್ಲರೂ ಸೇರಿಸಿಕೊಳ್ಳುತ್ತಾರೆ. ಆದರೂ ಮಳೆಗಾಲದಲ್ಲಿ ಮಾಕುಟ್ಟ ಘಾಟಿ ಇಳಿಯುವ ವಿರಾಜಪೇಟೆಯ ಡ್ರೈವರ್ ಹಿಂದಿನ ಸೀಟಿನ ಕೆಳಗೆ ಹಗ್ಗ, ಸ್ಪ್ಯಾನರ್, ಟಾರ್ಚು ಇಟ್ಟುಕೊಂಡೇ ಹೊರಡುತ್ತಾನೆ. ಆ ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಕಂಪನಿಯ ಟೋಲ್ ಫ್ರೀ ಸಂಖ್ಯೆಯಿಂದ ಗಾಡಿ ಕದಲುವುದಿಲ್ಲ ಎಂಬುದು ಅವನಿಗೆ ಗೊತ್ತು. ಇಷ್ಟು ನಿಮಗೆ ನಾನು ಹೇಳಬೇಕಾಗಿಲ್ಲ. ಹೇಳಬೇಕಾದದ್ದು ಜೀಪಿಗೂ ದೋಣಿಗೂ ಇರುವ ವ್ಯತ್ಯಾಸ. ಕೆಟ್ಟ ಜೀಪು ಕೆಟ್ಟಲ್ಲೇ ನಿಂತಿರುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟು ಒಳಗೆ ಕುಳಿತರೆ ಬೆಳಗಾಗುವವರೆಗೆ ಕಾಯಬಹುದು. ಕೆಟ್ಟ ದೋಣಿ ನಿಲ್ಲುವುದಿಲ್ಲ. ಎಂಜಿನ್ ಸತ್ತ ಕ್ಷಣದಿಂದ ಗಾಳಿ ಅದನ್ನು ಅಡ್ಡ ತಿರುಗಿಸುತ್ತದೆ, ಅಲೆ ಬದಿಗೆ ಬಡಿಯತೊಡಗುತ್ತದೆ. ಸಾಧಾರಣ ಗಾಳಿಗೇ ಅದು ಗಂಟೆಗೆ ಒಂದೆರಡು ಕಿಲೋಮೀಟರ್ ತೇಲಿ ಹೋಗುತ್ತದೆ. ಫೋನಿನಲ್ಲಿ ಹೇಳಿದ ಜಾಗದಲ್ಲಿ ಅರ್ಧ ಗಂಟೆಯ ಮೇಲೆ ನೀವು ಇರುವುದಿಲ್ಲ. ತೇಲಿ ಹೋಗುವ ದಿಕ್ಕಿನಲ್ಲಿ ಹಡಗುಗಳ ದಾರಿಯೋ ಸೇತುವೆಯ ಕಂಬವೋ ಇದ್ದರೆ ಆ ಅರ್ಧ ಗಂಟೆಯೂ ನಿಮ್ಮ ಕೈಯಲ್ಲಿಲ್ಲ.

ಹಾಗಾಗಿ ದಕ್ಕೆಯ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆ ಲಂಗರಿನದ್ದು. ವಿಹಾರದ ದೋಣಿಗಳಲ್ಲಿ ಲಂಗರು ಎಂದರೆ ಮೀನು ಹಿಡಿಯಲು ನಿಲ್ಲಿಸುವ ಸಾಧನ ಎಂದು ತಿಳಿದವರೇ ಹೆಚ್ಚು. ಸಣ್ಣ ದೋಣಿಗೆ ಬ್ರೇಕು ಇರುವುದಾದರೆ ಅದೊಂದೇ. ಮುಂಭಾಗದ ಗೂಡಿನ ಮುಚ್ಚಳ ತೆಗೆಸಿ ನೋಡಿ. ಲಂಗರಿಗೂ ಹಗ್ಗಕ್ಕೂ ನಡುವೆ ಕೆಲವು ಅಡಿಯಾದರೂ ಕಬ್ಬಿಣದ ಸರಪಳಿ ಇರಬೇಕು. ಅದರ ಭಾರಕ್ಕೆ ಲಂಗರಿನ ದಂಡ ತಳಕ್ಕೆ ಒರಗುತ್ತದೆ, ಹಾಗೆ ಒರಗಿದರೆ ಮಾತ್ರ ಮೊನೆ ಮರಳನ್ನು ಕಚ್ಚುತ್ತದೆ. ಬಳಿಕ ಹಗ್ಗದ ಉದ್ದ ಕೇಳಿ. ಗಾಳಿ ಇರುವಾಗ ನೀರಿನ ಆಳ ಮತ್ತು ನೀರಿನ ಮೇಲಿರುವ ಮೂತಿಯ ಎತ್ತರ, ಎರಡನ್ನೂ ಕೂಡಿಸಿ ಅದರ ಏಳು ಪಟ್ಟು ಹಗ್ಗ ಬಿಡಬೇಕು. ಟ್ಯಾಂಪಾ ಕೊಲ್ಲಿಯ ಸರಾಸರಿ ಆಳ ಸುಮಾರು ಹನ್ನೆರಡು ಅಡಿ. ಮೂತಿಯ ಮೂರು ಅಡಿ ಸೇರಿಸಿದರೆ ಹದಿನೈದು, ಅದರ ಏಳು ಪಟ್ಟು ನೂರೈದು ಅಡಿ. ಕೊಲ್ಲಿ ದಾಟಿ ಹೊರಗೆ ಮೂವತ್ತು ಅಡಿ ಆಳದಲ್ಲಿ ನಿಂತರೆ ಇನ್ನೂರ ಮೂವತ್ತೊಂದು ಅಡಿ ಬೇಕು. ಗೂಡಿನಲ್ಲಿರುವ ಹಗ್ಗ ನೂರೈದೇ ಅಡಿಯಾಗಿದ್ದರೆ ಆ ದೋಣಿ ಕೊಲ್ಲಿಯೊಳಗೆ ಆಡಿಕೊಂಡಿರಬಹುದು, ಹೊರಗೆ ಹೋಗುವಂತಿಲ್ಲ. ಚಂದಾ ಕಟ್ಟಿದ ರಸೀದಿಗೂ ಈ ಲೆಕ್ಕಕ್ಕೂ ಯಾವ ಸಂಬಂಧವೂ ಇಲ್ಲ.

ಲಂಗರಿನ ಬಗ್ಗೆ ಇನ್ನೂ ಒಂದು. ಹಗ್ಗದ ಇನ್ನೊಂದು ತುದಿ ದೋಣಿಗೆ ಕಟ್ಟಿದೆಯೇ ಎಂದು ಕೈಯಿಂದ ಎಳೆದು ನೋಡಿ. ನಗಬೇಡಿ. ಗಾಬರಿಯಲ್ಲಿ ಲಂಗರು ಎಸೆದು, ಹಗ್ಗ ಸರಸರನೆ ಜಾರಿ, ಕೊನೆಯ ತುದಿಯೂ ಬಾಲ ಅಲ್ಲಾಡಿಸಿಕೊಂಡು ನೀರಿಗೆ ಹೋಗುವುದನ್ನು ನೋಡುತ್ತ ನಿಂತವರು ಎಲ್ಲ ಬಂದರುಗಳಲ್ಲೂ ಸಿಗುತ್ತಾರೆ.

ಎರಡನೆಯದು ಎಂಜಿನ್. ನಿಮ್ಮ ಮಗ ಮೆಕ್ಯಾನಿಕ್ ಆಗಬೇಕಾಗಿಲ್ಲ. ಈಗಿನ ಔಟ್‌ಬೋರ್ಡ್‌ಗಳ ಹೊಟ್ಟೆ ಬಗೆಯಲು ಕಂಪ್ಯೂಟರ್ ಬೇಕು, ನಡುನೀರಿನಲ್ಲಿ ಅದು ಆಗದ ಮಾತು. ಆದರೆ ಎಳೆದೋಣಿ ಕರೆಸುವ ಸಂದರ್ಭಗಳಲ್ಲಿ ಹಲವು ಎಂಜಿನ್ನಿನ ಹೊಟ್ಟೆಯವರೆಗೆ ಹೋಗುವುದೇ ಇಲ್ಲ. ಎಂಜಿನ್ನನ್ನು ಥಟ್ಟನೆ ಆರಿಸುವ ಕಿಲ್ ಸ್ವಿಚ್ಚಿನ ಕ್ಲಿಪ್ ಯಾರದೋ ಮೊಣಕಾಲು ತಾಗಿ ಕಳಚಿರುತ್ತದೆ. ಗೇರು ನ್ಯೂಟ್ರಲ್‌ನಲ್ಲಿ ಇರುವುದಿಲ್ಲ. ಹಾಡು ಹಾಕಿಕೊಂಡು ಮಧ್ಯಾಹ್ನವಿಡೀ ನಿಂತಿದ್ದರಿಂದ ಬ್ಯಾಟರಿ ಇಳಿದಿರುತ್ತದೆ. ಇಂಧನದ ಕೊಳವೆಯಲ್ಲಿರುವ ರಬ್ಬರ್ ಬಲ್ಬ್ ಚಪ್ಪಟೆಯಾಗಿ ಗಾಳಿ ಎಳೆಯುತ್ತಿರುತ್ತದೆ. ಪ್ರೊಪೆಲ್ಲರ್‌ಗೆ ಯಾರೋ ಬಿಸಾಡಿದ ಗಾಳದ ದಾರವೋ ಹಗ್ಗವೋ ಸುತ್ತಿರುತ್ತದೆ. ಇವನ್ನೆಲ್ಲ ಬರಿಗೈಯಲ್ಲಿ, ಹೆಚ್ಚೆಂದರೆ ಒಂದು ಚೂರಿ, ಎರಡು ಸ್ಪ್ಯಾನರ್‌ಗಳಿಂದ ಸರಿಪಡಿಸಬಹುದು. ಹೊರಡುವ ಮುನ್ನ ಮಗನನ್ನು ಕೇಳಿ: ‘ಈಗ ಎಂಜಿನ್ ನಿಂತಿತು ಎಂದುಕೋ. ಮೊದಲು ಏನು ನೋಡುತ್ತೀಯ?’ ಅವನು ಫೋನಿಗೆ ಕೈಹಾಕಿದರೆ ಅನುತ್ತೀರ್ಣ. ಕ್ಲಿಪ್, ಗೇರು, ಬ್ಯಾಟರಿಯ ಸ್ವಿಚ್ಚು ಎಂದು ಕೈ ತಾನಾಗಿ ಚಲಿಸಿದರೆ ನೀವು ಧೈರ್ಯವಾಗಿ ಚಪ್ಪಲಿ ಬಿಡಬಹುದು. ಲಂಗರು ಇಳಿಸಿದ ಮೇಲೆಯೇ ಇದೆಲ್ಲ ಎಂದು ಅವನು ಸೇರಿಸಿದರೆ ಇನ್ನೂ ಹತ್ತು ಅಂಕ ಹೆಚ್ಚು ಕೊಡಿ.

ಹಳೆಯ ದೋಣಿ ಎಂದಿರಿ. ಅಲ್ಲಿನ ಪಂಪ್‌ಗಳ ಪೆಟ್ರೋಲ್‌ನಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ಎಥನಾಲ್ ಇರುತ್ತದೆ. ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ಒಂದು ಹಂತ ಮೀರಿದ ಮೇಲೆ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲ್‌ನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಇಂಧನ ಎಳೆಯುವ ಕೊಳವೆ ಇರುವುದೂ ಅದೇ ತಳದಲ್ಲಿ. ದಕ್ಕೆಯ ಬಳಿ ಚೆನ್ನಾಗಿಯೇ ಓಡಿದ ಎಂಜಿನ್, ಹೊರಗೆ ಅಲೆಗೆ ಸಿಕ್ಕಿ ಟ್ಯಾಂಕು ಕಲಕಿದ ಮೇಲೆ ಕೆಮ್ಮತೊಡಗುವುದು ಇದರಿಂದಲೇ. ನೀರು ಬೇರ್ಪಡಿಸುವ ಫಿಲ್ಟರ್ ಒಂದು ಇರುತ್ತದೆ, ಅದನ್ನು ಕೊನೆಗೆ ಬದಲಿಸಿದ್ದು ಯಾವಾಗ, ಬಿಡಿ ಫಿಲ್ಟರ್ ಡಬ್ಬದಲ್ಲಿ ಇದೆಯೇ ಎಂದು ವಿಚಾರಿಸಿ. ದೋಣಿಯನ್ನು ಇಬ್ಬರು ಪಾಲಿನಲ್ಲಿ ಕೊಂಡಿದ್ದಾರೆ ಎಂದ ಮೇಲೆ ಇಂಥ ಪ್ರಶ್ನೆಗೆ ‘ಅವನು ಬದಲಿಸಿರಬೇಕು’ ಎಂಬ ಉತ್ತರ ಬರುವ ಸಾಧ್ಯತೆ ಹೆಚ್ಚು. ಪಾಲಿನ ತೋಟದ ಪಂಪ್‌ಸೆಟ್ಟಿಗೆ ಗ್ರೀಸು ಹಾಕುವವರು ಯಾರು ಎಂಬುದನ್ನು ಕಂಡವರು ನೀವು.

ಪೆಟ್ರೋಲ್ ಎಷ್ಟು ಹಾಕಬೇಕೆಂಬುದಕ್ಕೆ ಹಳೆಯ ಲೆಕ್ಕ ಒಂದಿದೆ: ಮೂರರಲ್ಲಿ ಒಂದು ಪಾಲು ಹೋಗುವುದಕ್ಕೆ, ಒಂದು ಬರುವುದಕ್ಕೆ, ಒಂದು ಮುಟ್ಟದೆ ಇಡುವುದಕ್ಕೆ. ಎಳೆದೋಣಿಯವರು ಇಂಧನವನ್ನೂ ತಂದುಕೊಡುತ್ತಾರೆ ಎಂಬ ಸಾಲು ಆ ಕರಪತ್ರದಲ್ಲಿ ಇದ್ದೇ ಇರುತ್ತದೆ. ಆ ಸಾಲಿನ ಧೈರ್ಯದಲ್ಲಿ ಮೂರನೆಯ ಪಾಲನ್ನು ಸುಡುವವರಿಗೆ ನನ್ನ ಕನಿಕರವಿಲ್ಲ. ಅವರನ್ನು ಹುಡುಕಿಕೊಂಡು ಬರುವ ಎಳೆದೋಣಿಯ ಕ್ಯಾಪ್ಟನ್ನಿಗೂ ಮನೆಯಿದೆ, ಅವನೂ ಅದೇ ಅಲೆಯ ಮೇಲೆ ಬರಬೇಕು.

ಇನ್ನು ಫೋನಿನ ಮಾತು. ದಡದ ಹತ್ತಿರ ಫೋನ್ ಸಿಗುತ್ತದೆ, ಹೊರಗೆ ಹೋದಂತೆ ಕೈಕೊಡುತ್ತದೆ. ಒದ್ದೆಯಾದರೆ ಅಥವಾ ಚಾರ್ಜ್ ಮುಗಿದರೆ ಎಲ್ಲಿದ್ದರೂ ಕೈಕೊಡುತ್ತದೆ. ದೋಣಿಯಲ್ಲಿ ನಾವಿಕರು ಬಳಸುವ ವಿ.ಎಚ್.ಎಫ್. ರೇಡಿಯೊ ಇರಬೇಕು, ಅದು ತುರ್ತು ಕರೆಯ ಚಾನೆಲ್ 16ರಲ್ಲಿ ತೆರೆದಿರಬೇಕು. ಫೋನಿನಲ್ಲಿ ನೀವು ಕರೆದವರಿಗೆ ಮಾತ್ರ ಕೇಳುತ್ತದೆ, ರೇಡಿಯೊದಲ್ಲಿ ಪಕ್ಕದ ದೋಣಿಗೂ ಕೇಳುತ್ತದೆ. ಎಷ್ಟೋ ಸಲ ನೆರವು ಬರುವುದು ಆ ಪಕ್ಕದ ದೋಣಿಯಿಂದಲೇ. ಆ ರೇಡಿಯೊದಲ್ಲಿ ಮುಚ್ಚಳದ ಕೆಳಗೆ ಒಂದು ಕೆಂಪು ಗುಂಡಿ ಇರುತ್ತದೆ. ಕೆಲವು ಸೆಕೆಂಡು ಒತ್ತಿ ಹಿಡಿದರೆ ದೋಣಿಯ ಗುರುತನ್ನೂ ಜಾಗವನ್ನೂ ಅದೇ ಸಾರುತ್ತದೆ. ಹಾಗೆ ಸಾರಬೇಕಾದರೆ ಮಾಲೀಕ ದೋಣಿಯ ಗುರುತಿನ, ಒಂಬತ್ತು ಅಂಕಿಯ ಎಂಎಂಎಸ್‌ಐ ಸಂಖ್ಯೆ ಪಡೆದು ರೇಡಿಯೊಗೆ ತುಂಬಿರಬೇಕು, ಜಿಪಿಎಸ್‌ಗೆ ಅದನ್ನು ಜೋಡಿಸಿರಬೇಕು. ಹಳೆಯ ದೋಣಿ ಕೊಂಡವರು ಹಿಂದಿನ ಮಾಲೀಕನ ಸಂಖ್ಯೆಯೊಂದಿಗೇ ಓಡಾಡುತ್ತಿರುತ್ತಾರೆ, ಇಲ್ಲವೇ ಅಲ್ಲಿ ಸಂಖ್ಯೆಯೇ ಇರುವುದಿಲ್ಲ. ಇದನ್ನು ಸರಿಪಡಿಸಲು ಒಂದು ಸಂಜೆ ಸಾಕು. ಇವತ್ತೇ ಮಗನಿಗೆ ಹೇಳಿ.

ಕಾಗದದಲ್ಲಿ ಇಲ್ಲದ್ದು ಏನು ಎಂಬುದಕ್ಕೆ ಬರುತ್ತೇನೆ. ಇದು ಹಣದ ವಿಷಯ, ಬೆಳೆಗಾರರಿಗೆ ಬೇಗ ಅರ್ಥವಾಗುತ್ತದೆ. ಟ್ಯಾಂಪಾದಂಥ ತೆಳುನೀರಿನ ಕೊಲ್ಲಿಯಲ್ಲಿ ದೋಣಿ ಮರಳುದಿಬ್ಬಕ್ಕೆ ಹತ್ತಿ ಕೂರುವುದು ಸಾಮಾನ್ಯ. ನೀರು ಶಾಂತವಾಗಿದ್ದು, ದೋಣಿಗೆ ಅಪಾಯವಿಲ್ಲದೆ, ಒಂದೇ ಎಳೆದೋಣಿ ಹಗುರವಾಗಿ ಎಳೆದರೆ ಬರುವಂತಿದ್ದರೆ ಸಾಮಾನ್ಯವಾಗಿ ಸದಸ್ಯತ್ವದಲ್ಲೇ ಮುಗಿಯುತ್ತದೆ. ಅಲೆ ಬಡಿಯುತ್ತಿದ್ದು, ದೋಣಿ ಕಲ್ಲಿಗೆ ಸಿಕ್ಕಿ ಅಥವಾ ನೀರು ತುಂಬಿ ಅಪಾಯದಲ್ಲಿದ್ದರೆ ಲೆಕ್ಕವೇ ಬೇರೆ. ಅದಕ್ಕೆ ಸಾಲ್ವೇಜ್ ಎನ್ನುತ್ತಾರೆ. ಅಪಾಯದಲ್ಲಿದ್ದ ಆಸ್ತಿಯನ್ನು, ಹಾಗೆ ಮಾಡಬೇಕಾದ ಕಟ್ಟುಪಾಡಿಲ್ಲದವನು ಉಳಿಸಿಕೊಟ್ಟರೆ ಉಳಿದ ಆಸ್ತಿಯ ಬೆಲೆಯನ್ನು ನೋಡಿ ಸಂಭಾವನೆ. ಉಳಿಸಲಾಗದಿದ್ದರೆ ಬಿಡಿಗಾಸಿಲ್ಲ. ಶತಮಾನಗಳಿಂದ ಬಂದ ಸಮುದ್ರದ ಕಾನೂನು ಇದು. ಸ್ಯಾನ್ ಫ್ರಾನ್ಸಿಸ್ಕೊ ಬಂದರಿನಲ್ಲಿ ಬೆಂಕಿಗೆ ಸಿಕ್ಕಿದ್ದ ‘ಬ್ಲಾಕ್‌ವಾಲ್’ ಹಡಗಿನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1869ರಲ್ಲಿ ಹೇಳಿದ ಅಳತೆಗೋಲುಗಳನ್ನು, ಅಂದರೆ ಉಳಿಸಿದವರ ಶ್ರಮ, ಚಾಕಚಕ್ಯ, ಅವರು ಎದುರಿಸಿದ ಅಪಾಯ, ಉಳಿದ ಸ್ವತ್ತಿನ ಬೆಲೆ ಮುಂತಾದವನ್ನು, ಅಲ್ಲಿನ ನ್ಯಾಯಾಲಯಗಳು ಇಂದಿಗೂ ಬಳಸುತ್ತವೆ. ಎಳೆದು ತರುವ ಸದಸ್ಯತ್ವ ಈ ಸಂಭಾವನೆಯನ್ನು ಕೊಡುವುದಿಲ್ಲ. ದೋಣಿಯ ಮೂಲ ವಿಮೆ ಕೊಡಬಹುದು, ಪಾಲಿಸಿಯಲ್ಲಿ ಬರೆದಿದ್ದರೆ. ಮಗನಿಗೆ ಆ ಎರಡನೆಯ ಪಾಲಿಸಿ ಇದೆಯೇ ಎಂದು ಕೇಳಿ. ಇಲ್ಲವಾದರೆ ಅವನು ಮಾಡಿಸಿದ್ದು ಕೊಡೆ ಮಾತ್ರ, ಮನೆಗೆ ಹೆಂಚೇ ಹೊದಿಸಿಲ್ಲ.

ಆದ್ದರಿಂದ ಹಗ್ಗ ಕೈಗೆ ತೆಗೆದುಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಬೇಕು: ‘ಇದು ಟೋ ಲೆಕ್ಕವೋ, ಸಾಲ್ವೇಜೋ?’ ಉತ್ತರ ಕೇಳಿಸಿಕೊಂಡು, ಸಾಧ್ಯವಾದರೆ ಬರಹದಲ್ಲಿ ಪಡೆದು, ಆಮೇಲೆ ಹಗ್ಗ. ದೋಣಿಯಲ್ಲಿರುವವರ ಪ್ರಾಣಕ್ಕೇ ಅಪಾಯವಿದ್ದರೆ ಮಾತ್ರ ಈ ವ್ಯಾಪಾರ ಬೇಡ. ಆಗ ದೋಣಿಯ ಆಸೆ ಬಿಟ್ಟು ಜನರನ್ನು ಇಳಿಸುವುದು.

ಮರಳಿಗೆ ಹತ್ತಿದಾಗ ಎಂಜಿನ್ ಜೋರು ಮಾಡಿ ಹೊರಬರುವ ಚಪಲ ಎಲ್ಲರಿಗೂ ಬರುತ್ತದೆ. ಮಗನಿಗೂ ಬರುತ್ತದೆ, ತಡೆಯಿರಿ. ತಂಪಾಗಿಸಲು ಎಳೆದುಕೊಳ್ಳುವ ನೀರಿನ ಜೊತೆ ಮರಳು ನುಗ್ಗಿ ಪಂಪು ಹಾಳಾಗುತ್ತದೆ. ಕೆಳಗೆ ಇರುವುದು ಕಡಲಹುಲ್ಲಿನ ಹಾಸಾಗಿದ್ದರೆ ಪ್ರೊಪೆಲ್ಲರ್ ಕೊರೆದ ಗಾಯ ಮಾಯಲು ವರ್ಷಗಳೇ ಬೇಕು. ಅಲ್ಲಿನ ಸಂರಕ್ಷಿತ ನೀರಿನಲ್ಲಿ ಅದನ್ನು ಹಾಳು ಮಾಡುವುದು ದಂಡ ತೆರಬೇಕಾದ ತಪ್ಪು. ಎಂಜಿನ್ ಆರಿಸಿ ಮೇಲಕ್ಕೆತ್ತಬೇಕು, ದೋಣಿಗೆ ನೀರು ಬರುತ್ತಿದೆಯೇ ನೋಡಬೇಕು, ಆಳದ ಕಡೆಗೆ ಲಂಗರು ಹಾಕಬೇಕು, ಉಬ್ಬರ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಪಟ್ಟಿಯಲ್ಲಿ ನೋಡಬೇಕು. ಏರುತ್ತಿದ್ದರೆ ಬುತ್ತಿ ಬಿಚ್ಚಿ ಊಟ ಮಾಡಿ. ಸಮುದ್ರವೇ ಎತ್ತಿಕೊಡುತ್ತದೆ.

ಮಲ್ಪೆ, ಮಂಗಳೂರಿನ ಮೀನುಗಾರರಿಗೆ ಯಾವ ಸದಸ್ಯತ್ವವೂ ಇಲ್ಲ. ಒಂದು ಬೋಟಿನ ಎಂಜಿನ್ ಕೆಟ್ಟರೆ ಹತ್ತಿರದ ಬೋಟು ಹಗ್ಗ ಎಸೆಯುತ್ತದೆ, ನಾಳೆ ಅದೇ ಸರದಿ ಇವರದ್ದು. ಇದನ್ನು ಪರಾವಲಂಬನೆ ಎಂದು ನಾನು ಎಂದೂ ಕರೆಯಲಾರೆ. ಆದರೆ ಆ ಹಗ್ಗ ಕೇಳುವ ಮೊದಲು ಬೋಟು ನಡೆಸುವ ತಾಂಡೇಲನೂ ಎಂಜಿನ್ ಡ್ರೈವರನೂ ಕೈಯಲ್ಲಾದದ್ದನ್ನೆಲ್ಲ ಮಾಡಿರುತ್ತಾರೆ. ಕತ್ತಲಾಗುವವರೆಗೆ ಹಟ ಹಿಡಿದು ಕೂರುವುದೂ ಇಲ್ಲ. ಈ ಎರಡನೆಯದು ಮುಖ್ಯ. ಸ್ವಾವಲಂಬನೆ ಎಂದರೆ ಯಾರನ್ನೂ ಕರೆಯದಿರುವುದು ಎಂದು ತಿಳಿದವರಿಂದ ಆಗುವ ಅನಾಹುತ, ಎಲ್ಲದಕ್ಕೂ ಕರೆಯುವವರಿಂದ ಆಗುವುದಕ್ಕಿಂತ ಕಡಿಮೆಯೇನಲ್ಲ. ಲಂಗರು ಕಚ್ಚಿದೆ, ಎಲ್ಲರೂ ಕ್ಷೇಮ, ಇನ್ನೂ ಎರಡು ಗಂಟೆ ಬೆಳಕಿದೆ: ಕರೆ ಮಾಡಲು ಅದೇ ಒಳ್ಳೆಯ ಹೊತ್ತು. ಹೇಳಬೇಕಾದದ್ದು ಅಕ್ಷಾಂಶ ರೇಖಾಂಶ, ಎಷ್ಟು ಜನ, ದೋಣಿಯ ಬಣ್ಣ ಮತ್ತು ಉದ್ದ, ಲಂಗರಿನ ಮೇಲಿದ್ದೀರೋ ತೇಲುತ್ತಿದ್ದೀರೋ ಎಂಬುದು.

ಮೊಮ್ಮಗಳ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ. ಇಪ್ಪತ್ತಾರು ಅಡಿಗಿಂತ ಚಿಕ್ಕ ದೋಣಿ ಚಲಿಸುವಾಗ ಆರು ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ತೊಟ್ಟಿರಲೇಬೇಕು ಎಂಬುದು ಫ್ಲಾರಿಡಾದ ಕಾನೂನು. ದೊಡ್ಡವರಿಗೆ ಜಾಕೆಟ್ ದೋಣಿಯಲ್ಲಿದ್ದರೆ ಸಾಕು ಎನ್ನುತ್ತದೆ ಕಾನೂನು, ತೊಟ್ಟಿರಬೇಕು ಎನ್ನುತ್ತೇನೆ ನಾನು. ಅಮೆರಿಕದ ಕೋಸ್ಟ್ ಗಾರ್ಡ್‌ನ ವಾರ್ಷಿಕ ಲೆಕ್ಕಗಳನ್ನು ತೆಗೆದು ನೋಡಿದರೆ, ವಿಹಾರದ ದೋಣಿಗಳ ಅಪಘಾತಗಳಲ್ಲಿ ಮುಳುಗಿ ಸತ್ತವರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಜಾಕೆಟ್ ತೊಟ್ಟಿರಲಿಲ್ಲ. ಮಗುವಿಗೆ ತೊಡಿಸಿದ ಮೇಲೆ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ. ಜಾಕೆಟ್ ಕಿವಿಯವರೆಗೆ ಜಾರಿ ಬಂದರೆ ಅದು ಅವಳ ಅಳತೆಯದಲ್ಲ. ಮಗ ಚುಕ್ಕಾಣಿಯಲ್ಲಿ ಇರುವಾಗ ಕಿಲ್ ಸ್ವಿಚ್ಚಿನ ಸುರುಳಿ ಹಗ್ಗವನ್ನು ತನ್ನ ಮೈಗೆ ಸಿಕ್ಕಿಸಿಕೊಂಡಿರಬೇಕು. ಇಂಥ ದೋಣಿಗಳಿಗೆ 2021ರ ಏಪ್ರಿಲ್ 1ರಿಂದ ಅಲ್ಲಿ ಅದೂ ಕಡ್ಡಾಯ. ಅವನು 1988ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವನಾಗಿದ್ದರೆ ದೋಣಿ ಸುರಕ್ಷತೆಯ ಪಾಠ ಮುಗಿಸಿದ ಗುರುತಿನ ಚೀಟಿಯೂ ಇರಬೇಕು. ತೋರಿಸು ಎಂದು ಕೇಳಲು ಅಪ್ಪನಿಗೆ ಸಂಕೋಚ ಏಕೆ?

ಇನ್ನು ನಿಮ್ಮ ಭಾವನವರ ಹಾರಂಗಿ ಯೋಜನೆ. ಅಲ್ಲಿ ಫೋನ್ ಮಾಡಿದರೆ ಓಡಿ ಬರುವ ಎಳೆದೋಣಿಗಳ ಜಾಲವಿಲ್ಲ. ಆದ್ದರಿಂದ ಎಳೆದು ತರುವ ವಿಮೆಯ ಪ್ರಶ್ನೆಯೇ ಏಳುವುದಿಲ್ಲ. ಏಳುವ ಪ್ರಶ್ನೆಗಳು ಬೇರೆ. ಜಲಾಶಯ ಕಾವೇರಿ ನೀರಾವರಿ ನಿಗಮದ್ದು, ಹೋಂಸ್ಟೇ ಅಂಗಳದಿಂದ ನೀರು ಕಂಡ ಮಾತ್ರಕ್ಕೆ ದೋಣಿ ಇಳಿಸುವಂತಿಲ್ಲ, ಅನುಮತಿ ಬೇಕು. 1917ರ ಕಾಯ್ದೆಯ ಜಾಗದಲ್ಲಿ ಬಂದ 2021ರ ಒಳನಾಡು ಹಡಗು ಕಾಯ್ದೆ ಯಂತ್ರಚಾಲಿತ ದೋಣಿಗೆ ತಪಾಸಣೆ, ನೋಂದಣಿ, ವಿಮೆ ಮೂರನ್ನೂ ಕೇಳುತ್ತದೆ. ಅತಿಥಿಗಳನ್ನು ಕೂರಿಸಿಕೊಂಡು ಹೋಗುವವರಿಗೆ ಬೇಕಾದ ವಿಮೆ ಇದು, ಪರರ ಜೀವಕ್ಕೆ ಹೊಣೆಯಾಗುವುದು. ಹಾರಂಗಿಯ ಪೂರ್ಣಮಟ್ಟ 2,859 ಅಡಿ. ಬೇಸಿಗೆಯಲ್ಲಿ ನೀರು ಇಳಿದಂತೆ ಹಿಂದೆ ಮುಳುಗಿದ್ದ ಮರದ ಬುಡಗಳೂ ಬಂಡೆಗಳೂ ಮೇಲ್ಮೈಗೆ ಹತ್ತಿರವಾಗುತ್ತವೆ. ಕಳೆದ ತಿಂಗಳು ಸಲೀಸಾಗಿ ಹೋದ ದಾರಿಯಲ್ಲೇ ಈ ತಿಂಗಳು ಪ್ರೊಪೆಲ್ಲರ್ ಮುರಿಯುತ್ತದೆ. ಮಳೆಗಾಲದಲ್ಲಿ ನೀರು ತುಂಬಿದಾಗ ಗೇಟು ತೆರೆಯುತ್ತಾರೆ, ಮರದ ದಿಮ್ಮಿ ತೇಲಿಬರುತ್ತದೆ, ಗಾಳಿ ಎಬ್ಬಿಸುವ ಗಿಡ್ಡ ಅಲೆ ಚಿಕ್ಕ ದೋಣಿಯನ್ನು ಕುಕ್ಕುತ್ತದೆ. ಹೊಳೆ ಏರಿದರೆ ದುಬಾರೆಯಲ್ಲಿ ದೋಣಿ ನಿಲ್ಲಿಸುತ್ತಾರಲ್ಲ, ಹಾಗೆ ತಾವೂ ನಿಲ್ಲಿಸುವ ದಿನಗಳು ಯಾವುವು ಎಂದು ನೀರಿನ ಮಟ್ಟ ನೋಡಿ ಮೊದಲೇ ಬರೆದಿಟ್ಟುಕೊಳ್ಳಲಿ. ಅತಿಥಿಗಳು ಬೆಂಗಳೂರಿನಿಂದ ಬಂದು ಮುಂಗಡ ಕೊಟ್ಟ ಮೇಲೆ ಆ ತೀರ್ಮಾನ ಮಾಡುವುದು ಕಷ್ಟ. ನನ್ನನ್ನು ಕೇಳಿದರೆ ಎರಡು ಜೊತೆ ಹುಟ್ಟು, ಲಂಗರು, ಎಲ್ಲರಿಗೂ ಜಾಕೆಟ್, ದಡದಲ್ಲಿ ಸದಾ ಸಿದ್ಧವಾಗಿರುವ ಎರಡನೆಯ ದೋಣಿ ಮತ್ತು ಅದನ್ನು ನಡೆಸಬಲ್ಲ ಒಬ್ಬ ಆಳು, ಇಷ್ಟಿಲ್ಲದೆ ಮೋಟಾರು ತರಲೇಬಾರದು. ಖರ್ಚು ಕೇಳಿ ಅವರು ಯೋಜನೆ ಕೈಬಿಟ್ಟರೆ ನನ್ನ ಮೇಲೆ ಹಾಕಿ.

ಟ್ಯಾಂಪಾಗೆ ಮರಳುತ್ತೇನೆ. ಕೊನೆಗೂ ಎಳೆದೋಣಿ ಬಂತು ಎಂದಿಟ್ಟುಕೊಳ್ಳಿ. ಕೆಲಸ ಇನ್ನೂ ಮುಗಿದಿಲ್ಲ, ಎಳೆಯುವ ಹೊತ್ತಿಗೇ ಕೈಬೆರಳು ಕಳೆದುಕೊಂಡವರಿದ್ದಾರೆ. ಹಗ್ಗವನ್ನು ದೋಣಿಯ ಮೂತಿಯ ಕೆಳಗಿರುವ ಉಕ್ಕಿನ ಬಳೆಗೆ ಕಟ್ಟಿಸಬೇಕು. ಮೇಲಿನ ಗೂಟ ಬರೀ ಎರಡು ಸ್ಕ್ರೂಗಳಲ್ಲಿ ನಿಂತಿರಬಹುದು, ಭಾರ ಬಿದ್ದಾಗ ಕಿತ್ತು ಕವಣೆಕಲ್ಲಿನಂತೆ ಹಾರುತ್ತದೆ. ನೈಲಾನ್ ಹಗ್ಗ ಬಿಗಿಯುವಾಗ ಅದರ ನೇರಕ್ಕೆ ಯಾರೂ ನಿಲ್ಲಬಾರದು. ಎಲ್ಲರೂ ಹಿಂದೆ ಕುಳಿತರೆ ಮೂತಿ ಎತ್ತಿಕೊಂಡು ದೋಣಿ ನೆಟ್ಟಗೆ ಬರುತ್ತದೆ. ಕ್ಯಾಪ್ಟನ್ ಹೇಳಿದ್ದನ್ನು ಕೇಳುವುದಷ್ಟೇ ಆಗ ನಿಮ್ಮ ಕೆಲಸ. ಅವನು ಈ ಕೆಲಸಕ್ಕೆಂದೇ ಕೋಸ್ಟ್ ಗಾರ್ಡ್‌ನಿಂದ ಪರವಾನಗಿ ಪಡೆದವನು.

ಹೊರಡುವ ಹೊತ್ತಿನ ಬಗ್ಗೆ ಒಂದು ಮಾತು. ಜೂನ್ ಎಂದರೆ ಫ್ಲಾರಿಡಾದಲ್ಲೂ ಮಳೆಗಾಲ, ಆದರೆ ನಮ್ಮಂತೆ ದಿನವಿಡೀ ಹಿಡಿಯುವ ಮಳೆಯಲ್ಲ. ಬೆಳಗ್ಗೆ ತಿಳಿ ಆಕಾಶ, ಮಧ್ಯಾಹ್ನದ ಮೇಲೆ ದಡದ ಮೇಲೆ ಮೋಡ ಗೋಪುರ ಕಟ್ಟುತ್ತದೆ, ಗುಡುಗು ಸಿಡಿಲು ಸಾಮಾನ್ಯ. ಸಪಾಟು ನೀರಿನ ಮೇಲೆ ಎತ್ತರದ ವಸ್ತು ಎಂದರೆ ನೀವೇ. ಬೆಳಗ್ಗೆ ಏಳಕ್ಕೆ ಹೊರಟು ಹನ್ನೆರಡರೊಳಗೆ ದಕ್ಕೆಗೆ ಮರಳುವ ಯೋಜನೆ ಹಾಕಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂಬ ಚೀಟಿ ದಡದಲ್ಲಿ ಒಬ್ಬರ ಬಳಿ ಇರಲಿ. ಬಾರದಿದ್ದರೆ ಎಷ್ಟು ಗಂಟೆಗೆ ಕೋಸ್ಟ್ ಗಾರ್ಡ್‌ಗೆ ತಿಳಿಸಬೇಕೆಂಬುದನ್ನೂ ಅದರಲ್ಲೇ ಬರೆದಿರಬೇಕು. ಸೊಸೆ ದಡದಲ್ಲಿ ಉಳಿಯುವುದಾದರೆ ಚೀಟಿ ಅವರಿಗೇ ಕೊಡಿ, ಪಾಲುದಾರ ಸ್ನೇಹಿತನಿಗೆ ಬೇಡ.

ದೋಣಿಯಲ್ಲಿ ನೀವಿಬ್ಬರೂ ಹಿಂಭಾಗದ ನಡುವೆ ಕುಳಿತುಕೊಳ್ಳಿ, ಅಲ್ಲಿ ಕುಕ್ಕಾಟ ಕಡಿಮೆ. ಮುಂದೆ ಕುಳಿತು ಫೋಟೊ ತೆಗೆಯುವ ವಯಸ್ಸಿನವರ ಬೆನ್ನುಮೂಳೆಯೂ ಅಲೆಗೆ ಸಿಕ್ಕಿ ನಜ್ಜಾಗುವುದುಂಟು. ದೃಷ್ಟಿ ದೂರದ ದಿಗಂತದ ಮೇಲಿರಲಿ, ಫೋನಿನ ಮೇಲೆ ಬೇಡ. ವಾಕರಿಕೆಗೆ ನಮ್ಮಲ್ಲಿ ಸಿಗುವ ಅವೊಮಿನ್ ಮಾತ್ರೆಯನ್ನು ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ಅದು ನಿದ್ದೆ ಬರಿಸುತ್ತದೆ. ನಿಮ್ಮಿಬ್ಬರಲ್ಲಿ ಯಾರಿಗಾದರೂ ಕಣ್ಣಿನ ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇದ್ದರೆ ಗೋಣಿಕೊಪ್ಪದಲ್ಲೇ ವೈದ್ಯರನ್ನು ಕೇಳಿ ಚೀಟಿ ಬರೆಸಿಕೊಂಡು ವಿಮಾನ ಹತ್ತಿ. ಮಗುವಿಗೆ ಮಾತ್ರ ನಿಮ್ಮ ಮಾತ್ರೆಯಲ್ಲಿ ಅರ್ಧ ಮುರಿದು ಕೊಡುವ ಕೆಲಸ ಬೇಡ, ಅಲ್ಲಿನ ಮಕ್ಕಳ ವೈದ್ಯರು ಹೇಳಿದ್ದನ್ನೇ ಕೊಡಲಿ.